ಗಡಿಯಾರದ ಕಾಲನಿರ್ಣಯ

ಜಗತ್ತಿಗೆಲ್ಲ ಹೊತ್ತು ಹೇಳುವ ಗಡಿಯಾರವು ತಾನು ಹುಟ್ಟಿದ ಹೊತ್ತನ್ನು ಮಾತ್ರ ಹೇಳುವುದಿಲ್ಲ. ಅದನ್ನು ನಾವೇ ಕೇಳಿ ತಿಳಿಯಬೇಕು. ಕೇಳುವುದಕ್ಕೂ ಒಂದು ಕ್ರಮವಿದೆ. ಆ ಕ್ರಮವನ್ನು ನಾನು ಕಲಿತದ್ದು ನಮ್ಮ ಅಜ್ಜನ ಕೈಗಡಿಯಾರದಿಂದ.

ಅದು ಓಮೆಗಾ ಎಂಬ ಸ್ವಿಸ್ ಗಡಿಯಾರ. ಅಜ್ಜ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. ಅಂಥವರ ಸಂಬಳಕ್ಕೆ ಹೊಸ ಓಮೆಗಾ ನಿಲುಕುವ ವಸ್ತುವಲ್ಲ. ಅದನ್ನು ಅವರು ಮುಂಬಯಿಯಿಂದ ಊರಿಗೆ ಮರಳಿದ ಒಬ್ಬ ವ್ಯಾಪಾರಿಯಿಂದ ಕೊಂಡರೆಂದು ಮನೆಯಲ್ಲಿ ಹೇಳುತ್ತಾರೆ. ಆದರೆ ನಮ್ಮ ಮನೆಯಲ್ಲಿ ಆ ಗಡಿಯಾರಕ್ಕಿರುವ ಗೌರವ ಅದರ ಬೆಲೆಯಿಂದ ಬಂದುದಲ್ಲ. 1947ರ ಆಗಸ್ಟ್ 15ರ ಬೆಳಿಗ್ಗೆ ಶಾಲೆಯ ಅಂಗಳದಲ್ಲಿ ಧ್ವಜವೇರಿಸುವಾಗ ಅಜ್ಜ ಇದೇ ಗಡಿಯಾರವನ್ನು ನೋಡಿ ಹೊತ್ತು ಸಾರಿದರಂತೆ. ಈ ಕಥೆಯನ್ನು ನಮ್ಮ ತಂದೆಯವರು ಹೇಳದ ಹಬ್ಬವಿಲ್ಲ, ಕೇಳದ ನೆಂಟರಿಲ್ಲ. ಹೇಳುವಾಗ ಅವರು ಎಡಗೈಯನ್ನು ಎದೆಯ ಮಟ್ಟಕ್ಕೆ ಎತ್ತಿ, ಅಂಗಿಯ ತೋಳನ್ನು ಸರಿಸಿ, ಬರಿಯ ಮಣಿಕಟ್ಟನ್ನು ಒಂದು ಕ್ಷಣ ದಿಟ್ಟಿಸುತ್ತಾರೆ. ಆ ಕ್ಷಣದಲ್ಲಿ ನಮಗೆ ಅಜ್ಜನೇ ಕಾಣುತ್ತಾರೆ.

ಗಡಿಯಾರವು ನಿಂತು ಎಷ್ಟೋ ವರ್ಷಗಳಾಗಿದ್ದವು. ತಂದೆಯವರಿಗೆ ಎಪ್ಪತ್ತೈದು ತುಂಬಿದಾಗ ಅದನ್ನು ನಡೆಯುವಂತೆ ಮಾಡಿಸಿ ಅವರ ಕೈಗೆ ಕಟ್ಟಬೇಕೆಂದು ಅಣ್ಣತಮ್ಮಂದಿರು ನಿಶ್ಚಯಿಸಿದೆವು. ತಮ್ಮನ ಸಲಹೆ ಇನ್ನೂ ಮುಂದೆ ಹೋಯಿತು. ಡಯಲು ಕಂದಿದೆ, ಅದಕ್ಕೆ ಹೊಸ ಬಣ್ಣ ಹಾಕಿಸೋಣ, ಕೇಸಿಗೆ ಹೊಳಪು ಕೊಡಿಸೋಣ, ನೋಡಿದವರು ಇಂದೇ ಅಂಗಡಿಯಿಂದ ತಂದದ್ದೆನ್ನಬೇಕು ಎಂದನು. ನನಗೂ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಗಡಿಯಾರವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹಿರೇಕೆರೂರಿನ ಪೇಟೆಯಲ್ಲಿ ಉಳಿದಿರುವ ಹಳೆಯ ಕಸಬುದಾರರೊಬ್ಬರಲ್ಲಿಗೆ ಹೋದೆನು.

ಅವರ ಅಂಗಡಿ ಎಂದರೆ ಒಂದು ಗಾಜಿನ ಪೆಟ್ಟಿಗೆ, ಒಂದು ದೀಪ, ಒಂದು ಮಣೆ. ಅವರು ಗಡಿಯಾರವನ್ನು ಕಿವಿಗೆ ಹಿಡಿದರು, ಚಾವಿಯ ಗುಂಡಿಯನ್ನು ಬೆರಳಲ್ಲಿ ಮೆಲ್ಲನೆ ಅಲುಗಿಸಿದರು, ತಿರುಗಿಸಲಿಲ್ಲ. ನಾನು ಬಣ್ಣದ ಮಾತು, ಹೊಳಪಿನ ಮಾತು ಹೇಳಿ ಮುಗಿಸಿದೆ.

"ಸರ, ನೀವು ಕಾಲೇಜಿನ್ಯಾಗ ಕಲಸಾವ್ರು. ನಿಮ್ಮ ಕೈಯಾಗ ಒಂದು ಹಳೇ ಓಲೆಗರಿ ಕೊಟ್ಟರ ಅದನ್ನ ಸೋಪ ಹಚ್ಚಿ ತೊಳೀತೀರೇನ್ರಿ?" ಎಂದರು.

ನಾನು ಉತ್ತರ ಕೊಡಲಿಲ್ಲ. ಕೊಡುವಂತಿರಲಿಲ್ಲ.

ಇಂಥ ಗಡಿಯಾರಗಳು ನಮ್ಮ ಸೀಮೆಗೆ ಬಂದ ದಾರಿಯನ್ನು ಮೊದಲು ಹೇಳಬೇಕು. ಹಿರೇಕೆರೂರು ಆಗ ಧಾರವಾಡ ಜಿಲ್ಲೆಯಲ್ಲಿತ್ತು, ಧಾರವಾಡ ಜಿಲ್ಲೆ ಮುಂಬಯಿ ಪ್ರಾಂತದಲ್ಲಿತ್ತು. ಆದುದರಿಂದ ಬಟ್ಟೆ, ಪುಸ್ತಕ, ಔಷಧಗಳಂತೆ ಹೊತ್ತು ಹೇಳುವ ಯಂತ್ರವೂ ಮುಂಬಯಿಯಿಂದಲೇ ಬರಬೇಕಾಗಿತ್ತು. ಫಾವ್ರ್ ಲೂಬಾ ಎಂಬ ಸ್ವಿಸ್ ಮನೆತನದ ವ್ಯಾಪಾರವು 1865ರಲ್ಲಿಯೇ ಮುಂಬಯಿಯಲ್ಲಿ ನೆಲೆಯೂರಿತು. ವೆಸ್ಟ್ ಎಂಡ್ ಕಂಪನಿ 1886ರಲ್ಲಿ ಅಲ್ಲಿ ಪ್ರಾರಂಭವಾಯಿತು. ಅದರ ಗಡಿಯಾರಗಳು ಸೈನಿಕರ ಕೈಗಳಲ್ಲಿಯೂ ರೈಲ್ವೆಯ ನೌಕರರ ಜೇಬುಗಳಲ್ಲಿಯೂ ದೇಶವನ್ನೆಲ್ಲ ಸುತ್ತಿದವು. ಸ್ವಾತಂತ್ರ್ಯಾನಂತರ ವಿದೇಶದ ಸರಕಿನ ಆಮದಿಗೆ ಕಟ್ಟುಪಾಡುಗಳು ಬಿಗಿಯಾದವು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಕಾರದಿಂದ ಬೆಂಗಳೂರಿನಲ್ಲಿ ಎಚ್.ಎಂ.ಟಿ. ಗಡಿಯಾರಗಳ ಕಾರ್ಖಾನೆ ಸ್ಥಾಪಿತವಾಗಿ, ಸಾಮಾನ್ಯರ ಮಣಿಕಟ್ಟಿಗೂ ನಮ್ಮ ನಾಡಿನಲ್ಲಿಯೇ ಮಾಡಿದ ಗಡಿಯಾರ ಬರುವವರೆಗೆ, ಒಂದು ಒಳ್ಳೆಯ ಸ್ವಿಸ್ ಗಡಿಯಾರವು ಒಬ್ಬರಿಂದ ಒಬ್ಬರಿಗೆ ಕೈ ಬದಲಾಯಿಸುತ್ತಲೇ ಬಾಳಿತು. ತಂದೆ ಮಗನಿಗೆ ಕೊಟ್ಟನು, ಮಾವ ಅಳಿಯನಿಗೆ ಕೊಟ್ಟನು, ತೊಂದರೆಯಲ್ಲಿದ್ದವನು ತೊಂದರೆಯಿಲ್ಲದವನಿಗೆ ಮಾರಿದನು. ಪ್ರತಿಯೊಬ್ಬನೂ ಕೊಡುವಾಗ ಗಡಿಯಾರದ ಜೊತೆಗೆ ಒಂದು ಕಥೆಯನ್ನೂ ಕೊಟ್ಟನು.

ಕಥೆ ನಿಜವೋ ಸುಳ್ಳೋ ತಿಳಿಯುವುದು ಹೇಗೆ? ಈ ಪ್ರಶ್ನೆ ಕನ್ನಡದ ವಿದ್ಯಾರ್ಥಿಗೆ ಹೊಸದಲ್ಲ. ನಮ್ಮ ತಾಲೂಕಿನ ಅಬಲೂರಿನ ಸೋಮೇಶ್ವರ ದೇವಾಲಯದಲ್ಲಿ ಏಕಾಂತದ ರಾಮಯ್ಯನ ವೃತ್ತಾಂತವನ್ನು ಹೇಳುವ ಪ್ರಸಿದ್ಧ ಶಾಸನವಿದೆ. ಫ್ಲೀಟ್ ಸಾಹೇಬರು ಅದನ್ನು ಓದಿ ಪ್ರಕಟಿಸಿದರು. ಆ ಶಾಸನದ ಕಾಲವನ್ನು ಸುಮಾರು 1200 ಎಂದು ಎಣಿಸುವುದು ಅದರಲ್ಲಿ ಬರುವ ಅರಸರ ಹೆಸರುಗಳಿಂದ: ಬಿಜ್ಜಳ, ನಾಲ್ಕನೆಯ ಸೋಮೇಶ್ವರ, ಹಾನಗಲ್ಲಿನ ಕದಂಬ ಕಾಮದೇವ. ಊರಿನವರು ಹೇಳುವ ಕಥೆ ಬಾಹ್ಯಸಾಕ್ಷ್ಯ, ಕಲ್ಲಿನಲ್ಲಿರುವ ಹೆಸರು ಅಂತಃಸಾಕ್ಷ್ಯ. ಎರಡೂ ಕೂಡಿದರೆ ಸಂತೋಷ, ಕೂಡದಿದ್ದರೆ ಕಲ್ಲಿನ ಮಾತನ್ನು ನಂಬಬೇಕು. ಗಡಿಯಾರದ ವಿಷಯದಲ್ಲಿಯೂ ಇದೇ ನ್ಯಾಯ ಸಲ್ಲುತ್ತದೆಂಬುದನ್ನು ನಾನು ಆ ಗಾಜಿನ ಪೆಟ್ಟಿಗೆಯ ಮುಂದೆ ಕುಳಿತು ಕಂಡೆನು.

ಕಸಬುದಾರರು ಹಿಂಬದಿಯ ಮುಚ್ಚಳವನ್ನು ತೆಗೆದರು. ಒಳಗೆ ತಾಮ್ರದ ಬಣ್ಣದ ಯಂತ್ರ ದೀಪದ ಬೆಳಕಿಗೆ ಒಮ್ಮೆ ಮಿನುಗಿತು. ಹೊರಗೆ ಅಷ್ಟು ಕಂದಿದ್ದ ವಸ್ತುವಿನ ಒಳಗು ಇಷ್ಟು ಹಸನಾಗಿರಬಹುದೆಂದು ನಾನು ಎಣಿಸಿರಲಿಲ್ಲ. ಐಗ್ಲಾಸನ್ನು ನನ್ನ ಕಣ್ಣಿಗೆ ಕೊಟ್ಟು, "ಓದ್ರಿ ಸರ" ಎಂದರು. ನಾನು ಓದಿದೆ. ಒಂದು ಕಡೆ 265 ಎಂಬ ಅಂಕೆ. ಇನ್ನೊಂದು ಕಡೆ 13ರಿಂದ ಪ್ರಾರಂಭವಾಗುವ ಎಂಟು ಅಂಕೆಗಳ ಸಂಖ್ಯೆ.

ಈ ಎರಡು ಸಂಖ್ಯೆಗಳಿಗೆ ಬೇರೆ ಬೇರೆ ಅರ್ಥವಿದೆ. ಮೊದಲನೆಯದು ಯಂತ್ರದ ಜಾತಿ, ಎರಡನೆಯದು ಅದರ ಜಾತಕ. ಓಮೆಗಾ ಕಂಪನಿಯು 1939ರಲ್ಲಿ ಮೂವತ್ತು ಮಿಲಿಮೀಟರ್ ಅಗಲದ, ಕೈಯಿಂದ ಚಾವಿ ಕೊಡುವ ಒಂದು ಯಂತ್ರವನ್ನು ಹೊರತಂದಿತು. ಅದರ ಸಂತತಿ 1963ರವರೆಗೆ ಬೆಳೆಯಿತು. ಗಡಿಯಾರ ದುರಸ್ತಿಯವರು ಇಂದಿಗೂ ಅದರ ಹೆಸರನ್ನು ಗೌರವದಿಂದ ಹೇಳುತ್ತಾರೆ. ಮೊದಮೊದಲು ಈ ಯಂತ್ರಗಳಿಗೆ ಅಕ್ಷರ ಅಂಕೆಗಳು ಬೆರೆತ ಹೆಸರುಗಳಿದ್ದವು. 1950ರ ಸುಮಾರಿಗೆ ಆ ಪದ್ಧತಿ ಬಿಟ್ಟು ಮೂರು ಅಂಕೆಗಳ ಹೆಸರನ್ನು ಒತ್ತತೊಡಗಿದರು. ನಮ್ಮ 265 ಅಂಥ ಹೆಸರು. ಇನ್ನು ಉದ್ದನೆಯ ಸಂಖ್ಯೆ. ಅದು ಯಂತ್ರಗಳ ಅನುಕ್ರಮ ಸಂಖ್ಯೆ. ಕಂಪನಿಯ ಅನುಕ್ರಮ 1947ರ ಹೊತ್ತಿಗೆ ಸುಮಾರು ಒಂದು ಕೋಟಿ ಹತ್ತು ಲಕ್ಷಕ್ಕೆ ಬಂದಿತ್ತು, 1952ರ ಹೊತ್ತಿಗೆ ಒಂದು ಕೋಟಿ ಮೂವತ್ತು ಲಕ್ಷಕ್ಕೆ, 1956ರ ಹೊತ್ತಿಗೆ ಒಂದು ಕೋಟಿ ಐವತ್ತು ಲಕ್ಷಕ್ಕೆ. ಈ ಲೆಕ್ಕ ಅಂದಾಜಿನದು. ಯಂತ್ರ ಒಂದು ವರ್ಷ ತಯಾರಾಗಿ, ಕೇಸಿನಲ್ಲಿ ಕೂತು, ಮಾರಾಟವಾಗುವುದರೊಳಗೆ ಇನ್ನೊಂದು ವರ್ಷ ಕಳೆಯಬಹುದು. ಆದರೆ ಒಂದೆರಡು ವರ್ಷದ ಹೆಚ್ಚು ಕಡಿಮೆಯನ್ನು ಕ್ಷಮಿಸಬಹುದಲ್ಲದೆ ಐದು ವರ್ಷದ್ದನ್ನಲ್ಲ.

ಅಂದರೆ, ದೇಶಕ್ಕೆ ಸ್ವಾತಂತ್ರ್ಯ ಬಂದ ದಿನ ನಮ್ಮ ಅಜ್ಜನ ಗಡಿಯಾರ ಇನ್ನೂ ಹುಟ್ಟಿರಲಿಲ್ಲ.

ನಾನು ಐಗ್ಲಾಸನ್ನು ಕೆಳಗಿಟ್ಟೆ. ಕೈಯಲ್ಲಿದ್ದುದು ಅದೇ ಗಡಿಯಾರ. ಆದರೆ ಅದರಿಂದ ಏನೋ ಒಂದು ಇಳಿದುಹೋದಂತಾಯಿತು. ತಂದೆಯವರಿಗೆ ಇದನ್ನು ಹೇಗೆ ಹೇಳುವುದು, ಹೇಳಲೇಬೇಕೇ ಎಂಬ ಯೋಚನೆ ಅಲ್ಲಿಯೇ ಹುಟ್ಟಿತು.

ಇಲ್ಲಿ ವಾಚಕರಿಗೆ ಒಂದು ಮಾತನ್ನು ಹೇಳಬೇಕು. ಎಲ್ಲ ಗಡಿಯಾರಗಳ ಜಾತಕ ಒಂದೇ ಕಡೆ ಬರೆದಿರುವುದಿಲ್ಲ. ರೋಲೆಕ್ಸ್ ಗಡಿಯಾರದ ಹಳೆಯ ಮಾದರಿಗಳಲ್ಲಿ ಪಟ್ಟಿಯನ್ನು ಬಿಚ್ಚಿದರೆ ಆರು ಗಂಟೆಯ ಕಡೆ, ಕೇಸಿನ ಎರಡು ಕೊಂಬುಗಳ ನಡುವೆ, ಸಂಖ್ಯೆ ಕಾಣುತ್ತದೆ. ಆದರೆ ಅವರ ಎಣಿಕೆ 1950ರ ದಶಕದ ನಡುವೆ ಹತ್ತು ಲಕ್ಷದ ಹತ್ತಿರ ಬಂದು ಮತ್ತೆ ಕೆಳಗಿನಿಂದ ಪ್ರಾರಂಭವಾದುದರಿಂದ ಒಂದೇ ಸಂಖ್ಯೆ ಎರಡು ಕಾಲಗಳನ್ನು ಸೂಚಿಸಬಹುದು. ಜಪಾನಿನ ಸೀಕೋ ಗಡಿಯಾರದ ಹಿಂಬದಿಯ ಸಂಖ್ಯೆಯಲ್ಲಿ ಮೊದಲ ಅಂಕೆ ವರ್ಷದ ಕೊನೆಯ ಅಂಕೆ, ಎರಡನೆಯದು ತಿಂಗಳು. ಅಲ್ಲಿ 7 ಎಂದಿದ್ದರೆ ಅದು 1967 ಆಗಬಹುದು, 1977 ಆಗಬಹುದು. ಶಾಸನಗಳಲ್ಲಿ ಬರಿಯ ಸಂವತ್ಸರದ ಹೆಸರನ್ನು ಕಂಡಾಗ ನಮಗಾಗುವ ಕಷ್ಟವೇ ಇದು. ವಿಕಾರಿಯೋ ಶಾರ್ವರಿಯೋ ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುತ್ತದೆ. ಶಕವರ್ಷವನ್ನೋ ಅರಸನ ಹೆಸರನ್ನೋ ನೋಡಿ ಯಾವ ಸುತ್ತಿನದೆಂದು ನಿರ್ಧರಿಸಬೇಕು. ಗಡಿಯಾರದಲ್ಲಿ ಆ ಕೆಲಸವನ್ನು ಯಂತ್ರದ ಜಾತಿ, ಕೇಸಿನ ಆಕಾರ, ಡಯಲಿನ ಬರವಣಿಗೆ ಇವು ಮಾಡುತ್ತವೆ. ಸ್ವಿಸ್ ಚಿನ್ನದ ಕೇಸಾದರೆ ಇನ್ನೊಂದು ಗುರುತಿದೆ. 1995ರ ಮೊದಲಿನ ಹದಿನೆಂಟು ಕ್ಯಾರೆಟಿನ ಕೇಸಿನಲ್ಲಿ ಹೆಲ್ವೇಶಿಯಾ ಎಂಬ ಸ್ತ್ರೀಯ ಮುಖದ ಮುದ್ರೆ ಇರುತ್ತಿತ್ತು. ಆಮೇಲಿನವುಗಳಲ್ಲಿ ಸೇಂಟ್ ಬರ್ನಾರ್ಡ್ ಜಾತಿಯ ನಾಯಿಯ ತಲೆ ಬಂದಿತು.

ಈ ಸಾಕ್ಷಿಗಳು ಪರಸ್ಪರ ಒಪ್ಪಬೇಕು. ಡಯಲು ಒಂದು ಕಾಲದ್ದು, ಕೇಸು ಇನ್ನೊಂದು ಕಾಲದ್ದು, ಯಂತ್ರ ಮತ್ತೊಂದು ಕಾಲದ್ದು ಆದರೆ ಅದು ಜರಾಸಂಧನ ದೇಹ. ಎರಡು ಸೀಳುಗಳನ್ನು ಕೂಡಿಸಿ ಜೀವ ಬರಿಸಿದ್ದು. ಅದು ನಡೆಯಬಹುದು, ಹೊತ್ತನ್ನೂ ಸರಿಯಾಗಿ ಹೇಳಬಹುದು. ಆದರೆ ಅದಕ್ಕೆ ಹುಟ್ಟಿದ ವರ್ಷವಿಲ್ಲ. ಹಳೆಯ ಸ್ವಿಸ್ ಗಡಿಯಾರಗಳನ್ನು ಕೂಡಿಡುವ ಹೊರದೇಶದ ಹವ್ಯಾಸಿಗಳು ಮುಂಬಯಿಯ ಕಡೆಯಿಂದ ಬರುವ ಗಡಿಯಾರಗಳನ್ನು ಸಂಶಯದಿಂದ ನೋಡುತ್ತಾರೆ. ನಮ್ಮಲ್ಲಿ ಕಂದಿದ ಡಯಲಿಗೆ ಕೆಂಪು, ಹಸಿರು, ನೀಲಿ ಬಣ್ಣ ಹಚ್ಚಿ, ಕಂಪನಿಯ ಹೆಸರನ್ನು ಮತ್ತೆ ಬರೆದು ಹೊಸದು ಮಾಡುವುದು ಬಹುಕಾಲದಿಂದ ನಡೆದುಬಂದಿದೆ. ಬಣ್ಣ ಹಚ್ಚಿದವರನ್ನು ಮೋಸಗಾರರೆಂದು ಒಮ್ಮೆಲೆ ಜರೆಯುವುದು ನ್ಯಾಯವಲ್ಲ. ಗಡಿಯಾರವು ದಿನಬಳಕೆಯ ವಸ್ತುವಾಗಿದ್ದಾಗ, ಅಂಕೆ ಕಾಣದ ಡಯಲನ್ನು ಕಾಣುವಂತೆ ಮಾಡಿಕೊಟ್ಟವನು ಉಪಕಾರವನ್ನೇ ಮಾಡಿದನು. ಬಳಕೆಯ ವಸ್ತುವನ್ನು ದಾಖಲೆಯೆಂದು ಮಾರುವಾಗ ಮಾತ್ರ ಅದು ಮೋಸವಾಗುತ್ತದೆ.

ಬಣ್ಣ ಹಚ್ಚಿದ ಡಯಲನ್ನು ಗುರುತಿಸುವುದು ಕಷ್ಟವಲ್ಲ, ತಾಳ್ಮೆ ಬೇಕು. ಮೂಲದ ಅಕ್ಷರಗಳು ಭೂತಗನ್ನಡಿಯಲ್ಲಿ ಅಂಚು ಹರಿತವಾಗಿ ಕಾಣುತ್ತವೆ. ಮತ್ತೆ ಬರೆದವು ದಪ್ಪವಾಗಿ, ಒಂದು ಎತ್ತರಕ್ಕೆ ಒಂದು ನಿಲ್ಲದೆ ಕಾಣುತ್ತವೆ. ನಿಮಿಷದ ಗೆರೆಗಳು ಗಂಟೆಯ ಗುರುತುಗಳಿಗೆ ನೇರವಾಗಿ ಬರುವುದಿಲ್ಲ. ಕೆಳತುದಿಯಲ್ಲಿ ಇರಬೇಕಾದ ದೇಶದ ಹೆಸರು ಇರುವುದೇ ಇಲ್ಲ, ಇಲ್ಲವೆ ತಪ್ಪಿದ ಜಾಗದಲ್ಲಿ ಇರುತ್ತದೆ. ಲಿಪಿಕಾರನ ಸ್ಖಾಲಿತ್ಯವನ್ನು ಹುಡುಕುವ ಕಣ್ಣೇ ಇಲ್ಲಿಯೂ ಬೇಕಾಗುತ್ತದೆ. ನಮ್ಮ ಸೀಮೆಯವನೇ ಆದ ಸರ್ವಜ್ಞನ ಗತಿಯನ್ನು ನೆನೆಯಿರಿ. ಉತ್ತಂಗಿ ಚನ್ನಪ್ಪನವರು ಊರೂರು ತಿರುಗಿ, ಓಲೆಗರಿಗಳನ್ನು ಕೂಡಿಸಿ, 1924ರಲ್ಲಿ ಆತನ ವಚನಗಳನ್ನು ಪ್ರಕಟಿಸಿದರು. ಆತನ ಹೆಸರಿನಲ್ಲಿ ಜನ ಸೇರಿಸಿದ ತ್ರಿಪದಿಗಳು ಎಷ್ಟು, ಆತನವೇ ಆದವು ಎಷ್ಟು ಎಂಬ ಪ್ರಶ್ನೆ ಇಂದಿಗೂ ಮುಗಿದಿಲ್ಲ. ಸೇರಿಸಿದವರು ಪ್ರೀತಿಯಿಂದಲೇ ಸೇರಿಸಿದರು. ಆದರೆ ಆ ಪ್ರೀತಿಯ ಕೆಳಗೆ ಕವಿಯ ಸ್ವಂತ ಧ್ವನಿ ಎಲ್ಲಿದೆಯೆಂದು ಹುಡುಕುವ ಕಷ್ಟ ನಮ್ಮ ಪಾಲಿಗೆ ಬಂದಿತು.

ನಮ್ಮ ಗಡಿಯಾರದ ಡಯಲು ಕಂದಿದ್ದರೂ ಮೂಲದ್ದೇ ಆಗಿತ್ತು. ಗಂಟೆಗಳ ಬಳಿ ಕಂದುಬಣ್ಣದ ಸಣ್ಣ ಚುಕ್ಕೆಗಳಿದ್ದವು. ನಾನು ಬೆರಳು ಚಾಚಿದಾಗ ಕಸಬುದಾರರು ತಡೆದರು. ಅದು ಕತ್ತಲೆಯಲ್ಲಿ ಹೊಳೆಯಲೆಂದು ಹಚ್ಚಿದ ರೇಡಿಯಂ. ಆ ಕಾಲದ ಅನೇಕ ಗಡಿಯಾರಗಳಲ್ಲಿ ಅದನ್ನು ಬಳಸುತ್ತಿದ್ದರು. 1960ರ ದಶಕದಲ್ಲಿ ಅದರ ಬಳಕೆ ಹಿಂದೆ ಸರಿದು ಟ್ರಿಟಿಯಂ ಎಂಬ ಸೌಮ್ಯವಾದ ವಸ್ತು ಬಂದಿತು. ಅಂಥ ಡಯಲಿನ ಕೆಳಗೆ ಇಂಗ್ಲಿಷಿನ ಟಿ ಅಕ್ಷರವಿರುತ್ತದೆ. ಇದೂ ಕಾಲನಿರ್ಣಯಕ್ಕೆ ಒಂದು ಸಾಕ್ಷಿ. ಅಮೇರಿಕೆಯ ನ್ಯೂಜರ್ಸಿಯಲ್ಲಿ ಮೊದಲನೆಯ ಮಹಾಯುದ್ಧದ ಕಾಲದಿಂದ ಇಂಥ ಡಯಲುಗಳಿಗೆ ಬಣ್ಣ ಹಚ್ಚುತ್ತಿದ್ದ ಹುಡುಗಿಯರು ಕುಂಚದ ಮೊನೆಯನ್ನು ತುಟಿಗಳಿಂದಲೇ ಚೂಪು ಮಾಡುತ್ತಿದ್ದರು. ಹಾಗೆ ಮಾಡಲು ಅವರಿಗೆ ಕಲಿಸಲಾಗಿತ್ತು. ಅವರ ದವಡೆಯ ಎಲುಬುಗಳು ಕರಗಿದವು, ಅನೇಕರು ಸತ್ತರು. ಐದು ಜನ ಹೆಣ್ಣುಮಕ್ಕಳು 1927ರಲ್ಲಿ ನ್ಯಾಯಾಲಯಕ್ಕೆ ಹೋದರು, 1928ರಲ್ಲಿ ಪರಿಹಾರದ ಒಪ್ಪಂದವಾಯಿತು. ರೇಡಿಯಂ ಅರ್ಧವಾಗುವುದಕ್ಕೆ ಸುಮಾರು 1600 ವರ್ಷ ಬೇಕು. ಕ್ರಿ. ಶ. 450ರ ಸುಮಾರಿನದೆಂದು ಹೇಳುವ ಹಲ್ಮಿಡಿ ಶಾಸನದ ಬಳಿ ಅಂದು ಒಂದು ತೊಲ ರೇಡಿಯಂ ಇಟ್ಟಿದ್ದರೆ ಇಂದಿಗೂ ಅರ್ಧ ತೊಲಕ್ಕಿಂತ ತುಸು ಹೆಚ್ಚೇ ಉಳಿದಿರುತ್ತಿತ್ತು. ಗಡಿಯಾರದ ಚುಕ್ಕೆಗಳು ಈಗ ಹೊಳೆಯುವುದಿಲ್ಲ. ಹೊಳೆಯುವ ಗುಣ ಅದರ ಜೊತೆಗೆ ಬೆರೆಸಿದ ಬೇರೆ ಪುಡಿಯದು, ಅದು ಸವೆದಿದೆ. ರೇಡಿಯಂ ಮಾತ್ರ ಹಾಗೆಯೇ ಇದೆ. ಆದುದರಿಂದ ಅಂಥ ಡಯಲನ್ನು ಮನೆಯಲ್ಲಿ ಬಿಚ್ಚಿ ಕೆರೆಯಬಾರದು. ಪುಡಿ ಉಸಿರಿನೊಡನೆ ಒಳಗೆ ಹೋಗುವುದೇ ದೊಡ್ಡ ಅಪಾಯ. ತಮ್ಮನು ಹೇಳಿದ ಹೊಸ ಬಣ್ಣಕ್ಕೆ ಮೊದಲು ಆ ಚುಕ್ಕೆಗಳನ್ನೆಲ್ಲ ಕೆರೆಯಬೇಕಾಗಿತ್ತು. ಆ ಮಾತು ಅಲ್ಲಿಗೆ ಮುಗಿಯಿತು.

ಇನ್ನು ದುರಸ್ತಿಯ ಮಾತು. ನಿಂತ ಗಡಿಯಾರವೆಂದರೆ ಕೆಟ್ಟ ಗಡಿಯಾರವೆಂದು ತಿಳಿಯಬೇಕಾಗಿಲ್ಲ. ಬಹುಮಟ್ಟಿಗೆ ಅದರ ಎಣ್ಣೆ ಒಣಗಿರುತ್ತದೆ. ಯಂತ್ರದೊಳಗಿನ ಉಕ್ಕಿನ ಅಚ್ಚುಗಳು ಮಾಣಿಕ್ಯದ ಹರಳುಗಳ ತೂತುಗಳಲ್ಲಿ ತಿರುಗುತ್ತವೆ. ತೂಗಾಡುವ ಚಕ್ರದ ಅಚ್ಚಿನ ತುದಿ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಮಾತ್ರ. ಆ ಚಕ್ರ ಗಂಟೆಗೆ 18,000 ಸಲ ಬಡಿಯುತ್ತದೆ, ದಿನಕ್ಕೆ 4,32,000 ಸಲ, ವರ್ಷಕ್ಕೆ ಹದಿನೈದು ಕೋಟಿ ಎಪ್ಪತ್ತಾರು ಲಕ್ಷಕ್ಕೂ ಮಿಕ್ಕಿ. ಎಣ್ಣೆ ಒಣಗಿ ಅಂಟಾದಾಗ ಅದರಲ್ಲಿ ಲೋಹದ ಸವೆತವೂ ಧೂಳೂ ಸೇರಿ ಅರೆಯುವ ಕಲ್ಲಿನಂತಾಗುತ್ತವೆ. ಆ ಸ್ಥಿತಿಯಲ್ಲಿ ಚಾವಿ ಕೊಟ್ಟು, ಅಲ್ಲಾಡಿಸಿ, "ನಡೀತು ನೋಡು" ಎಂದು ಸಂತೋಷಪಡುವವರು ಗಡಿಯಾರವನ್ನು ತಮ್ಮ ಕೈಯಿಂದಲೇ ಸವೆಸುತ್ತಾರೆ. ಕಸಬುದಾರರು ಮೊದಲ ದಿನ ಗುಂಡಿಯನ್ನು ತಿರುಗಿಸದೆ ಬಿಟ್ಟದ್ದು ಇದಕ್ಕೇ. ಹಳೆಯ ಗಡಿಯಾರವನ್ನು ಕೊಂಡವರು ನೆನಪಿಡಬೇಕಾದ ಮೊದಲ ನಿಯಮವೂ ಇದೇ. ಮೊದಲು ತೊಳೆಯಿಸಬೇಕು, ಆಮೇಲೆ ನಡೆಸಬೇಕು.

ತೊಳೆಯುವುದಕ್ಕೆ ಎಲ್ಲವನ್ನೂ ಬಿಚ್ಚಬೇಕು. ಸ್ಪ್ರಿಂಗಿನಲ್ಲಿ ಉಳಿದಿರುವ ಬಿಗುವನ್ನು ಮೆಲ್ಲಮೆಲ್ಲನೆ ಇಳಿಸದೆ ಒಂದು ತಿರುಪಿಗೂ ಕೈ ಹಚ್ಚುವಂತಿಲ್ಲ, ಹಚ್ಚಿದರೆ ಚಕ್ರಗಳ ಹಲ್ಲು ಮುರಿಯುತ್ತವೆ. ಆಮೇಲೆ ತೂಗುಚಕ್ರ, ಅದರ ಕೂದಲಿನಂಥ ಹೇರ್‌ಸ್ಪ್ರಿಂಗು, ಪ್ಯಾಲೆಟ್ಟು, ಒಂದೊಂದೇ ಚಕ್ರ, ಕೊನೆಗೆ ಮುಖ್ಯ ಸ್ಪ್ರಿಂಗಿನ ಡಬ್ಬಿ ಹೊರಬರುತ್ತವೆ. ಅವುಗಳನ್ನು ದ್ರಾವಣದಲ್ಲಿ ತೊಳೆದು, ಹರಳಿನ ಒಂದೊಂದು ತೂತನ್ನೂ ಮೊನೆ ಮಾಡಿದ ಕಡ್ಡಿಯಿಂದ ಹಸನುಗೊಳಿಸುತ್ತಾರೆ. ಎಣ್ಣೆಯಲ್ಲಿ ಒಂದೇ ಬಗೆಯಿಲ್ಲ. ಭಾರವಾಗಿ ನಿಧಾನವಾಗಿ ತಿರುಗುವ ಭಾಗಗಳಿಗೆ ಗಟ್ಟಿಯಾದದ್ದು, ಹಗುರವಾಗಿ ವೇಗವಾಗಿ ಆಡುವವಕ್ಕೆ ತೆಳುವಾದದ್ದು. ಹಾಕುವ ಪ್ರಮಾಣ ಸೂಜಿಯ ಮೊನೆಗೆ ಹತ್ತುವಷ್ಟು. ಹೆಚ್ಚಾದರೂ ಕೇಡು, ಅದು ಹರಿದು ಹೇರ್‌ಸ್ಪ್ರಿಂಗಿನ ಸುರುಳಿಗಳನ್ನು ಅಂಟಿಸುತ್ತದೆ. ನಮ್ಮ ಗಡಿಯಾರದ ಮುಖ್ಯ ಸ್ಪ್ರಿಂಗು ಹಳೆಯ ನೀಲಿ ಉಕ್ಕಿನದು, ದಣಿದುಹೋಗಿತ್ತು. ಅದರ ಬದಲು ಇಂದಿನ ಬಿಳಿಯ ಮಿಶ್ರಲೋಹದ ಸ್ಪ್ರಿಂಗನ್ನು ಹಾಕಿದರು. ನಾನು ಅನುಮಾನದಿಂದ ನೋಡಿದೆ. ಓಲೆಗರಿಯ ಮಾತನ್ನಾಡಿದವರು ಮೂಲದ ಭಾಗವನ್ನು ತೆಗೆದುಹಾಕಬಹುದೇ?

"ಸರ, ಓಲೆಗರಿ ಕಟ್ಟಿದ ದಾರ ಹರದರ ಹೊಸಾ ದಾರ ಹಾಕತೀರಿ. ಅಕ್ಷರ ಮಾಸಿದರ ಮ್ಯಾಲ ಬರಿಯೂದಿಲ್ಲ. ಹೌದಲ್ರಿ?" ಎಂದರು.

ಗ್ರಂಥಸಂಪಾದನೆಯ ಪಾಠದಲ್ಲಿ ನಾನು ಇಷ್ಟು ವರ್ಷ ಹೇಳಲು ಹೆಣಗಿದುದು ಎರಡು ವಾಕ್ಯದಲ್ಲಿ ಮುಗಿದಿತ್ತು. ಸವೆಯಲೆಂದೇ ಇರುವ ಎಣ್ಣೆ, ಸ್ಪ್ರಿಂಗು, ಗಾಜು, ಪಟ್ಟಿ ಇವುಗಳನ್ನು ಬದಲಿಸಬಹುದು, ಬದಲಿಸಬೇಕು. ಸಾಕ್ಷಿ ನುಡಿಯುವ ಡಯಲನ್ನೂ ಕೇಸಿನ ಅಂಚನ್ನೂ ಮುಟ್ಟಬಾರದು. ಕೇಸಿಗೆ ಮತ್ತೆ ಮತ್ತೆ ಹೊಳಪು ಕೊಡಿಸಿದರೆ ಅದರ ಹರಿತವಾದ ಅಂಚುಗಳು ಉರುಟಾಗುತ್ತವೆ, ಒಳಗೂ ಹೊರಗೂ ಇರುವ ಮುದ್ರೆಗಳು ಅಳಿಯುತ್ತವೆ. ಹಳ್ಳಿಯ ಗುಡಿಗಳಲ್ಲಿ ಭಕ್ತಿಯಿಂದಲೇ ಶಾಸನದ ಕಲ್ಲಿಗೆ ಸುಣ್ಣವನ್ನೂ ಎಣ್ಣೆಬಣ್ಣವನ್ನೂ ಬಳಿದು ಒಂದಕ್ಷರವೂ ಕಾಣದಂತೆ ಮಾಡಿದ್ದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಯಂತ್ರವನ್ನು ಮತ್ತೆ ಕೂಡಿಸುವ ಮೊದಲು ಅವರು ಹಿಂಬದಿಯ ಮುಚ್ಚಳದ ಒಳಮೈಯನ್ನು ದೀಪಕ್ಕೆ ಓರೆಯಾಗಿ ಹಿಡಿದು ತೋರಿಸಿದರು. ಅಲ್ಲಿ ಸೂಜಿಯಿಂದ ಗೀರಿದ ನಾಲ್ಕು ಗುರುತುಗಳಿದ್ದವು. ಗಡಿಯಾರವನ್ನು ಬಿಚ್ಚಿ ತೊಳೆದ ಕಸಬುದಾರನು ತನ್ನ ಗುರುತನ್ನೂ ದಿನಾಂಕವನ್ನೂ ಹಾಗೆ ಗೀರಿಡುವುದು ಹಳೆಯ ವಾಡಿಕೆ. ಗಡಿಯಾರವನ್ನು ಧರಿಸಿದವನಿಗೆ ಅದು ಕಾಣುವುದಿಲ್ಲ, ಮುಂದೆ ಬಿಚ್ಚುವವನಿಗೆ ಮಾತ್ರ ಕಾಣುತ್ತದೆ. ಮೂರು ಗುರುತುಗಳು ಇಂಗ್ಲಿಷ್ ಅಂಕೆಗಳಲ್ಲಿದ್ದವು. ಎಲ್ಲಕ್ಕಿಂತ ಹಳೆಯದು ಕನ್ನಡದಲ್ಲಿತ್ತು: ೭-೫೫. ಸ್ವಿಜರ್ಲೆಂಡಿನಲ್ಲಿ 1952ರ ಸುಮಾರಿಗೆ ಹುಟ್ಟಿದ ಗಡಿಯಾರವು 1955ರ ಜುಲೈ ತಿಂಗಳಲ್ಲಿ ಒಬ್ಬ ಕನ್ನಡಿಗನ ಮಣೆಯ ಮೇಲೆ ಬಿಚ್ಚಿಕೊಂಡು ಮಲಗಿತ್ತು! ಶಾಸನದ ಕೊನೆಯಲ್ಲಿ ಕಲ್ಲುಕುಟಿಗನ ಹೆಸರು ಕಂಡಷ್ಟು ಸಂತೋಷ ನನಗಾಯಿತು. ಆದರೆ ಆ ಗುರುತು ಅಷ್ಟನ್ನೇ ಹೇಳುತ್ತದೆ. ಅಂದು ಗಡಿಯಾರ ಅಜ್ಜನ ಕೈಯಲ್ಲಿತ್ತೋ, ಮಾರಿದವನ ಕೈಯಲ್ಲಿತ್ತೋ ಎಂಬುದನ್ನು ಹೇಳುವುದಿಲ್ಲ.

ಹತ್ತು ದಿನಗಳ ಮೇಲೆ ಗಡಿಯಾರ ನಡೆಯುತ್ತ ಬಂದಿತು. ದಿನಕ್ಕೆ ಹತ್ತು ಸೆಕೆಂಡು ಮುಂದೆ ಹೋಗುತ್ತದೆಂದು ಅವರು ಸಂಕೋಚದಿಂದ ಹೇಳಿದರು. ದಿನದ 86,400 ಸೆಕೆಂಡುಗಳಲ್ಲಿ ಹತ್ತು ಮಾತ್ರ ತಪ್ಪುವುದೆಂದರೆ ಎಪ್ಪತ್ತು ವರ್ಷ ದಾಟಿದ ಯಾವ ಜೀವಕ್ಕೂ ನಾಚಿಕೆಪಡುವ ಕಾರಣವಿಲ್ಲ.

ಆ ಸಂಜೆ ತಂದೆಯವರ ಕೈಗೆ ಅದನ್ನು ಕಟ್ಟಿದೆ. ಅವರು ಕಿವಿಗೆ ಹಿಡಿದು ಬಹಳ ಹೊತ್ತು ಕೇಳಿದರು. ಆಮೇಲೆ ರೂಢಿಯಂತೆ ಕೈಯೆತ್ತಿ, ತೋಳು ಸರಿಸಿ, ಕಥೆಯನ್ನು ಪ್ರಾರಂಭಿಸಿದರು. ನಾನು ಸುಮ್ಮನಿರಬಹುದಾಗಿತ್ತು. ಸುಮ್ಮನಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಡಯಲಿಗೆ ಬಣ್ಣ ಬೇಡವೆಂದು ನಿರ್ಧರಿಸಿದ ಮೇಲೆ ಕಥೆಗೆ ಮಾತ್ರ ಬಣ್ಣ ಇರಲೆಂದು ಬಿಡುವುದು ನನ್ನಿಂದಾಗಲಿಲ್ಲ.

"ಅಪ್ಪಾ, ಈ ಗಡಿಯಾರ ನಲವತ್ತೇಳರಾಗ ಇನ್ನೂ ಹುಟ್ಟಿರಲಿಲ್ಲ" ಎಂದು ಹೇಳಿ, ಸಂಖ್ಯೆಯ ವಿಷಯವನ್ನೂ ಮುಚ್ಚಳದ ಗುರುತನ್ನೂ ವಿವರಿಸಿದೆ. ಅವರು ಮಾತಾಡಲಿಲ್ಲ. ಎತ್ತಿದ ಕೈ ಮೆಲ್ಲನೆ ತೊಡೆಯ ಮೇಲಕ್ಕೆ ಇಳಿಯಿತು. ನಾನು ಮಾಡಿದುದು ತಪ್ಪಾಯಿತೆಂದು ನನಗೆ ಖಚಿತವಾಗಿ ತೋರಿತು.

"ಐವತ್ತೈದು ಅಂದಿ?" ಎಂದು ಕೇಳಿದರು ಬಹಳ ಹೊತ್ತಿನ ಮೇಲೆ. "ಹಂಗಾರ ನಾ ನೋಡಿದ್ದು ಖರೇ ಇರಬೇಕು."

ಅವರು ಹುಟ್ಟಿದ್ದು 1950ರಲ್ಲಿ. ಸ್ವಾತಂತ್ರ್ಯದ ದಿನವನ್ನು ಅವರು ಕಂಡವರಲ್ಲ, ಅದನ್ನು ಹಿರಿಯರ ಬಾಯಿಂದ ಕೇಳಿದವರು. ಆದರೆ ಅಪ್ಪನು ಶಾಲೆಯ ಅಂಗಳದಲ್ಲಿ ಕೈಯೆತ್ತಿ ಗಡಿಯಾರ ನೋಡುವುದು, ಹುಡುಗರೆಲ್ಲ ಸಾಲಾಗಿ ನಿಂತಿರುವುದು, ಯಾರೋ ತನ್ನನ್ನು ಹೆಗಲ ಮೇಲೆ ಕೂಡಿಸಿಕೊಂಡಿರುವುದು, ಕೈತುಂಬ ಸಕ್ಕರೆ ಕೊಟ್ಟದ್ದು, ಇವೆಲ್ಲ ಅವರ ಕಣ್ಣಿಗೆ ಕಟ್ಟಿದ್ದವು. ಹುಟ್ಟುವ ಮೊದಲಿನದನ್ನು ನೋಡುವುದು ಸಾಧ್ಯವಿಲ್ಲವಾದುದರಿಂದ, ಕೇಳಿದ್ದನ್ನೇ ನೋಡಿದಂತೆ ತಾನು ಭ್ರಮಿಸಿರಬೇಕೆಂದು ಅವರು ಎಷ್ಟೋ ವರ್ಷಗಳ ಹಿಂದೆಯೇ ತಮ್ಮೊಳಗೆ ತೀರ್ಮಾನಿಸಿಕೊಂಡಿದ್ದರು. ಹೆಗಲು, ಸಕ್ಕರೆಗಳ ಮಾತನ್ನು ಅವರು ನಮ್ಮೆದುರಿಗೆ ಒಮ್ಮೆಯೂ ಆಡಿರಲಿಲ್ಲ.

1956ರ ನವೆಂಬರ್ 1ರಂದು ಧಾರವಾಡ ಜಿಲ್ಲೆ ಮುಂಬಯಿ ರಾಜ್ಯದಿಂದ ಬಿಡುಗಡೆಯಾಗಿ ಕನ್ನಡಿಗರ ಒಂದು ರಾಜ್ಯದಲ್ಲಿ ಸೇರಿತು. ತಂದೆಯವರಿಗೆ ಆಗ ಆರು ವರ್ಷ. ಹೆಗಲ ಮೇಲೆ ಕುಳಿತು ಅವರು ಕಂಡದ್ದು ಆ ದಿನವೇ ಇರಬಹುದು. ಇರಬಹುದೆಂದು ಮಾತ್ರ ನಾನು ಬರೆಯಬಲ್ಲೆ. ಯಂತ್ರದ ಸಂಖ್ಯೆಯು ಯಾವುದು ಆಗಿರಲಾರದೆಂಬುದನ್ನು ಹೇಳಿತೇ ಹೊರತು ಯಾವುದು ಆಯಿತೆಂಬುದನ್ನು ಹೇಳಲಿಲ್ಲ. ಯಾವುದೋ ಜನವರಿ 26 ಕೂಡ ಆಗಿರಬಹುದು. ಆದರೆ ತಂದೆಯವರಿಗೆ ಈ ಸೂಕ್ಷ್ಮಗಳು ಬೇಕಾಗಿರಲಿಲ್ಲ. ದೊಡ್ಡ ಕಥೆಯೊಂದು ಅವರ ಕೈಬಿಟ್ಟಿತ್ತು, ಕಳೆದುಹೋಗಿದ್ದ ತಮ್ಮದೇ ಒಂದು ನೆನಪು ಕೈಸೇರಿತ್ತು. ಸಕ್ಕರೆಯನ್ನು ಹಂಚಿದ ತಟ್ಟೆ ಹಿತ್ತಾಳೆಯದೋ ತಾಮ್ರದ್ದೋ ಎಂದು ಆ ರಾತ್ರಿ ಊಟದ ಹೊತ್ತಿನಲ್ಲಿಯೂ ಯೋಚಿಸುತ್ತಿದ್ದರು.

ಇಂಥ ಕಸಬುದಾರರು ಈಗ ವಿರಳ. 1969ರ ಡಿಸೆಂಬರಿನಲ್ಲಿ ಜಪಾನಿನ ಸೀಕೋ ಕಂಪನಿಯು ಮೊದಲ ಕ್ವಾರ್ಟ್ಜ್ ಕೈಗಡಿಯಾರವನ್ನು ಮಾರಾಟಕ್ಕಿಟ್ಟ ಮೇಲೆ ಚಾವಿಯ ಗಡಿಯಾರದ ಕಾಲ ಇಳಿಮುಖವಾಯಿತು. ನಮ್ಮ ಎಚ್.ಎಂ.ಟಿ. ಗಡಿಯಾರಗಳ ಕಂಪನಿಯನ್ನೂ ಮುಚ್ಚಲು ಕೇಂದ್ರದ ಮಂತ್ರಿಮಂಡಲ 2016ರ ಜನವರಿಯಲ್ಲಿ ಒಪ್ಪಿತು. ಹೊತ್ತು ಈಗ ಜೇಬಿನೊಳಗಿನ ಫೋನಿನಲ್ಲಿದೆ. ದುರಸ್ತಿಯ ಪೆಟ್ಟಿಗೆಗಳು ಮುಚ್ಚುತ್ತಿವೆ, ಅಂಗಡಿ ಇರುವವರಿಗೆ ಕಸಬನ್ನು ಕಲಿಯುವ ಹುಡುಗರಿಲ್ಲ. ಮನೆಯ ಪೆಟ್ಟಿಗೆಯಲ್ಲಿ ಇಂಥ ಒಂದು ಗಡಿಯಾರವಿರುವವರು ಅದನ್ನು ಹೊಸದು ಮಾಡಿಸುವ ಆತುರಕ್ಕೆ ಬೀಳದೆ, ಬಲ್ಲವರ ಕೈಯಲ್ಲಿ ಕೊಟ್ಟು, ಮುಚ್ಚಳ ತೆಗೆದಾಗ ತಾವೂ ಬಳಿಯಲ್ಲಿ ಕುಳಿತು ನೋಡುವುದು ಒಳ್ಳೆಯದು.

ನಮ್ಮ ಗಡಿಯಾರದ ಮುಚ್ಚಳವನ್ನು ಹಾಕುವ ಮೊದಲು ಆ ಹಿರಿಯರು ಸೂಜಿಯನ್ನು ಕೈಗೆ ತೆಗೆದುಕೊಂಡರು. ಐದನೆಯ ಗುರುತನ್ನು ಗೀರಿ ತಿಂಗಳನ್ನೂ ವರ್ಷವನ್ನೂ ಹಾಕಿದರು. ಯಾವ ಅಂಕೆಯಲ್ಲಿ ಬರೆಯಲಿ ಎಂದು ನನ್ನನ್ನು ಕೇಳಲಿಲ್ಲ. ಕನ್ನಡದಲ್ಲಿಯೇ ಬರೆದರು.